ನಪಾಸು ಮಾಡಿಸಲು ಸ್ವೀಡನ್ನಿಗೆ

ರಾಯಬಾಗ

ಸೈನ್ಯಕ್ಕೆ ಆಯ್ಕೆಯಾಗುವುದು ಹೇಗೆಂದು ಕಲಿಸಿ ಹೊಟ್ಟೆ ಹೊರೆಯುವವಳು ನಾನು. ಅಂಥ ನನ್ನನ್ನು ನನ್ನ ತಮ್ಮ ಸ್ವೀಡನ್ ದೇಶಕ್ಕೆ ಕರೆಸಿಕೊಂಡದ್ದು, ಆಯ್ಕೆಯಾಗದೆ ಪಾರಾಗುವುದು ಹೇಗೆಂದು ತನ್ನ ಮಗಳಿಗೆ ಕಲಿಸಲಿಕ್ಕೆ. ವಿದೇಶಕ್ಕೆ ಹೋಗಿ ಬಂದವರು ಕೋಟೆ, ಕಾರಂಜಿ, ಹಿಮದ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಒಂದು ಹಳದಿ ಜಾಕೀಟು ಮತ್ತು ಈ ಕಥೆ ಬಿಟ್ಟರೆ ತೋರಿಸಲು ಏನೂ ಇಲ್ಲ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು ಅದನ್ನು ಬಿಟ್ಟು ರಾಯಬಾಗದಲ್ಲಿ ಸೈನ್ಯದ ಭರ್ತಿ ಕ್ಲಾಸು ಶುರು ಮಾಡಿದೆ. ಬೆಳಗಿನ ಜಾವ ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಹುಡುಗ ಹುಡುಗಿಯರನ್ನು ಓಡಿಸುವುದು, ಮಧ್ಯಾಹ್ನ ಗಣಿತ, ಸಾಮಾನ್ಯ ಜ್ಞಾನ. ಇತ್ತೀಚೆಗೆ ಸ್ವಭಾವದ ಪರೀಕ್ಷೆ ಅಂತ ಒಂದು ಸೇರಿಕೊಂಡಿದೆ. ಟೇಪು ಹಿಡಿದು ಎದೆಯ ಅಳತೆ ತೆಗೆದುಕೊಂಡ ಹಾಗೆ ಪ್ರಶ್ನೆ ಕೇಳಿ ಮನಸ್ಸಿನ ಅಳತೆಯನ್ನೂ ತೆಗೆದುಕೊಳ್ಳುತ್ತಾರೆ. ನಿನಗೆ ಸಿಟ್ಟು ಬೇಗ ಬರುತ್ತದೆಯೇ? ಗುರುತಿಲ್ಲದವರ ಜೊತೆ ಒಂದೇ ಕೋಣೆಯಲ್ಲಿ ಮಲಗಬಲ್ಲೆಯಾ? ಮನೆಯ ನೆನಪಾದರೆ ಏನು ಮಾಡುತ್ತೀ? ಇವಕ್ಕೆಲ್ಲ ಸರಿಯಾದ ಉತ್ತರ ನಾನೇ ತಯಾರು ಮಾಡಿ ಉರು ಹೊಡೆಸುತ್ತೇನೆ.

"ಕತ್ತಲಿಗೆ ಅಂಜತೀರೇನು?" ಎಂದು ನಾನು ಕೇಳಿದರೆ ಸಾಲಾಗಿ ನಿಂತವರೆಲ್ಲ "ಇಲ್ರಿ ಮ್ಯಾಡಮ್" ಎನ್ನಬೇಕು. "ಸಾಹೇಬ್ರು ಬೈದ್ರ ಬ್ಯಾಸರ ಆಗತೈತೇನು?" "ಇಲ್ರಿ ಮ್ಯಾಡಮ್." ಅಥಣಿಯ ಕಡೆಯಿಂದ ಬಂದ ಮುಂಗೋಪಿ, ಕಾಗವಾಡದಿಂದ ಬಂದ ಅಳುಬುರುಕಿ, ಕೊಕಟನೂರಿನ ಮೌನಿ, ಎಲ್ಲರೂ ಕೆಲವೇ ವಾರಗಳಲ್ಲಿ ಒಂದೇ ಸ್ವಭಾವದವರಾಗಿಬಿಡುತ್ತಾರೆ. ನನ್ನ ಕ್ಲಾಸು ಹೆಸರುವಾಸಿಯಾದದ್ದೇ ಅದಕ್ಕೆ.

ತಮ್ಮ ಭರತೇಶ ಸಕ್ಕರೆ ಕಾರ್ಖಾನೆಯ ರಸಾಯನಶಾಸ್ತ್ರದವನು. ನಮ್ಮೂರು ಉಗಾರ ಬುದ್ರುಕದ ಕಬ್ಬಿನ ವಾಸನೆಯಲ್ಲೇ ಬೆಳೆದು, ಕೆಲಸ ಹುಡುಕಿಕೊಂಡು ಸ್ವೀಡನ್ನಿನ ದಕ್ಷಿಣದ ತುದಿಗೆ ಹೋಗಿ ಬಹಳ ವರ್ಷವಾಯಿತು. ಅವನ ಹೆಂಡತಿ ರೂಪಾ ನಿಪ್ಪಾಣಿಯವಳು. ಮಗಳು ಚಂದನಾ ಅಲ್ಲೇ ಹುಟ್ಟಿದವಳು, ಹದಿನೆಂಟು ತುಂಬಿತ್ತು. ಒಂದು ಸಂಜೆ ಭರತೇಶನ ಫೋನು ಬಂತು.

"ಅಕ್ಕಾ, ಚಂದನಾನ್ನ ಮಿಲಿಟ್ರಿ ಪರೀಕ್ಷಾಕ್ಕ ಕರದಾರ."

"ಹುಡಿಗಿನ್ನ?"

"ಇಲ್ಲಿ ಹುಡುಗ ಹುಡುಗಿ ಭೇದ ಇಲ್ಲ. ಹದಿನೆಂಟಾದವರೆಲ್ಲಾ ಮೊದಲ ಮನ್ಯಾಗ ಕುಂತ ಕಂಪ್ಯೂಟರಿನ್ಯಾಗ ಪ್ರಶ್ನಾಕ್ಕ ಉತ್ತರ ಬರೀಬೇಕ. ಅದರಾಗ ಕೆಲವರನ್ನ ಆರಿಸಿ ಕರೀತಾರ. ಬರೂದಿಲ್ಲ ಅನ್ನಾಕ ಬರೂದಿಲ್ಲ. ಆದ್ರ ಸ್ವಭಾವ ಹೊಂದಲಿಲ್ಲಂದ್ರ ಅವರ ಬಿಟ್ಟ ಕಳಸ್ತಾರ. ನೀ ಬಾ. ಪಾಸ್ ಮಾಡಿಸೂದ ನಿನಗ ಗೊತ್ತೈತಿ. ಅದನ್ನ ಉಲ್ಟಾ ಮಾಡು."

ಅವನ ಹಿಂದಿನಿಂದ ರೂಪಾ ಅಳುವುದು ಕೇಳಿಸುತ್ತಿತ್ತು. ಸ್ವೀಡನ್ನಿನ ಸಮುದ್ರದ ಆಚೆ ಯುದ್ಧ ನಡೆಯುತ್ತಿರುವ ಕಾಲ. ಮೇಲಾಗಿ ನಾವು ಜೈನರು. ಉಗಾರದಲ್ಲಿ ದೊಡ್ಡಣ್ಣನ ಮನೆಯಲ್ಲಿರುವ ಅವ್ವನಿಗೆ ಸುದ್ದಿ ಮುಟ್ಟಿದಾಗ ಅವಳು ಹೇಳಿದ್ದು ಒಂದೇ ಮಾತು: "ಇರುವಿ ತುಳೀಬಾರದಂತ ಹೇಳಿ ಬೆಳಸಿದ ಕೂಸದು. ಬಿಡಿಸಿಕೊಂಡ ಬಾ, ಹೋಗು."

ಹೋದೆ. ಇಷ್ಟು ವರ್ಷ ಯಾರನ್ನೂ ನಪಾಸಾಗಲು ಬಿಡದವಳು ನಾನು. ಈಗ ಸ್ವಂತ ತಮ್ಮನ ಮಗಳನ್ನೇ ನಪಾಸು ಮಾಡಿಸಬೇಕು. ಎರಡೂ ಕೈಗಳು ಬೇರೆ ಬೇರೆ ಕಡೆ ಎಳೆಯುತ್ತಿದ್ದವು.

ಸಮುದ್ರದ ಸೇತುವೆ

ವಿಮಾನ ಇಳಿದದ್ದು ಪಕ್ಕದ ಡೆನ್ಮಾರ್ಕಿನಲ್ಲಿ. ಅಲ್ಲಿಂದ ಸ್ವೀಡನ್ನಿನ ಮಾಲ್ಮೋ ಊರಿಗೆ ರೈಲು. ಅದು ಮೊದಲು ಸಮುದ್ರದ ಕೆಳಗೆ ಸುರಂಗ ಹೊಕ್ಕು, ನಡುವೆ ಮೇಲೆದ್ದು ಸೇತುವೆ ಹತ್ತುತ್ತದೆ. ಕುಡಚಿಯ ಹತ್ತಿರ ಕೃಷ್ಣೆ ಬಂದಾಗ ಕೈ ಮುಗಿಯುವ ಅಭ್ಯಾಸ ನನ್ನದು. ಇಲ್ಲಿಯೂ ನೀರು ಕಂಡ ಕೂಡಲೆ ಎದ್ದು ನಿಂತು ಕೈ ಮುಗಿದೆ. ಎದುರಿಗೆ ಕುಳಿತ ಹೆಂಗಸು ಗಾಬರಿಯಾಗಿ ತಾನೂ ಎದ್ದು ಕಿಟಕಿಯಾಚೆ ನೋಡಿದಳು. ಏನೂ ಕಾಣಲಿಲ್ಲವೆಂದು ಮತ್ತೆ ಕುಳಿತಳು, ಏನೂ ಕೇಳಲಿಲ್ಲ. ಆ ಡಬ್ಬಿಯಲ್ಲಿ ಅಷ್ಟು ಜನ ಇದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ. ನಮ್ಮ ಚಿಕ್ಕೋಡಿ ಬಸ್ಸಿನಲ್ಲಿ ಪಕ್ಕದವರ ಊರು, ಮನೆತನ, ಮೊಣಕಾಲಿನ ನೋವು ಮೂರೂ ತಿಳಿಯುವಷ್ಟು ಹೊತ್ತಿನಲ್ಲಿ ನನಗೆ ಇಲ್ಲಿ ಒಬ್ಬರ ಹೆಸರೂ ತಿಳಿಯಲಿಲ್ಲ. ನಾನು ಭರತೇಶನಿಗೆ ಫೋನು ಮಾಡಿ "ಬಂದ್ನಿ" ಎಂದದ್ದೇ ಆ ದಿನದ ದೊಡ್ಡ ಗದ್ದಲವಾಯಿತು.

ಮಾಲ್ಮೋ ನಿಲ್ದಾಣದಲ್ಲಿ ಅಪ್ಪ ಮಗಳು ನಿಂತಿದ್ದರು. ಚಂದನಾ ನನಗಿಂತ ಒಂದು ಗೇಣು ಎತ್ತರ. ಏನು ಕೇಳಿದರೂ ಮೊದಲು ಸುಮ್ಮನೆ ಒಂದು ಗಳಿಗೆ ನಿಲ್ಲುತ್ತಾಳೆ, ಆಮೇಲೆ ಉತ್ತರ. ನನ್ನಂಥ ಅವಸರದವಳಿಗೆ ಆ ಗಳಿಗೆಯೇ ಸಾಕು ತಲೆ ಬಿಸಿಯಾಗಲು.

"ಆತ್ಯಾ, ಪ್ರವಾಸ ಸುಖರೂಪ ಆತೇನು?" ಎಂದಳು. ಸೋದರತ್ತೆಗೆ ಆತ್ಯಾ ಅನ್ನುವುದು ನಮ್ಮ ಗಡಿಯ ವಾಡಿಕೆ. ಅವಳ ಕನ್ನಡ ಕೇಳಿ ನನಗೆ ನಗು ಬಂತು. ಅಪ್ಪನಿಂದಲೂ ಫೋನಿನಲ್ಲಿ ಅಜ್ಜಿಯಿಂದಲೂ ಕಲಿತದ್ದು. ಈಗ ಉಗಾರದ ಹುಡುಗಿಯರೂ ಆಡದ ಹಳೆಯ ಮಾತು ಅವಳ ಬಾಯಲ್ಲಿ ಗಟ್ಟಿಯಾಗಿ ಉಳಿದಿತ್ತು.

ಗಡ್ಡೆಯ ಸೀಮೆ

ಅವರ ಹಳ್ಳಿ ಮಾಲ್ಮೋದಿಂದ ಸ್ವಲ್ಪ ದೂರ. ಸುತ್ತ ಕಣ್ಣು ಹಾಯುವವರೆಗೂ ಬೀಟ್‌ರೂಟಿನ ಜಾತಿಯ ಬಿಳಿ ಗಡ್ಡೆಯ ಹೊಲ. ಆ ಗಡ್ಡೆಯಿಂದಲೇ ಇವರು ಸಕ್ಕರೆ ತೆಗೆಯುವುದು. ಕಿತ್ತ ಗಡ್ಡೆಗಳನ್ನು ಹೊಲದ ಬದುವಿನಲ್ಲಿ ಮನೆಯೆತ್ತರ ಒಟ್ಟಿರುತ್ತಾರೆ. ಲಾರಿಗಳು ಬಂದು ಒಯ್ಯುತ್ತವೆ, ಸದ್ದಿಲ್ಲದೆ. ನಮ್ಮ ಕಡೆ ಎರಡು ಟ್ರಾಲಿ ಕಬ್ಬು ಕಟ್ಟಿಕೊಂಡು ಹಾಡು ಹಚ್ಚಿಕೊಂಡು ಹೊರಡುವ ಟ್ರ್ಯಾಕ್ಟರು ಕಂಡರೆ ಇವರು ಮದುವೆ ದಿಬ್ಬಣ ಅಂದುಕೊಂಡಾರು.

ಅವ್ವ ಗಡ್ಡೆ ಗೆಣಸು ಮುಟ್ಟುವವಳಲ್ಲ. ಮಣ್ಣಿನ ಒಳಗಿನದನ್ನು ಕಿತ್ತರೆ ಎಷ್ಟು ಜೀವ ಸಾಯುತ್ತವೋ ಎಂಬ ಲೆಕ್ಕ. ಅಂಥವಳ ಮಗ ದಿನವೂ ಗುಡ್ಡದಷ್ಟು ಗಡ್ಡೆ ಕುದಿಸಿ ಸಂಸಾರ ಮಾಡುತ್ತಾನೆ. ಬಂದ ದಿನವೇ ಚಹಾ ಕೊಟ್ಟಾಗ ನಾನು ಸಕ್ಕರೆಯ ಡಬ್ಬಿ ನೋಡಿ ಅವನ ಮುಖ ನೋಡಿದೆ.

"ಇದರಾಗ ಗಡ್ಡಿ ಎಲ್ಲಿ ಉಳದೈತ್ಯೋ ಅಕ್ಕಾ. ಬರೇ ಸಕ್ರಿ ಉಳದೈತಿ" ಎಂದ.

"ಅವ್ವಗ ಇದನ್ನ ಹೇಳೀಯೇನು?"

"ಆಕಿ ಕೇಳಿಲ್ಲ, ನಾ ಹೇಳಿಲ್ಲ." ನಾವಿಬ್ಬರೂ ಚಹಾ ಕುಡಿದೆವು.

ಆದರೆ ಒಂದು ನೇಮವನ್ನು ಮಾತ್ರ ಆ ಮನೆ ಪೂರ್ತಿ ಬಿಟ್ಟಿರಲಿಲ್ಲ. ಹೊತ್ತು ಮುಳುಗುವ ಮೊದಲು ಊಟ. ಉಗಾರದಲ್ಲಿ ಅದೇನು ದೊಡ್ಡ ಮಾತಲ್ಲ, ಸಂಜೆ ಆರರೊಳಗೆ ಉಂಡರಾಯಿತು. ನಾನು ಹೋದದ್ದು ಅಲ್ಲಿಯ ನವೆಂಬರಿಗೆ. ಮಧ್ಯಾಹ್ನದ ಚಹಾದ ಹೊತ್ತಿಗೇ ಸೂರ್ಯ ಗಂಟು ಮೂಟೆ ಕಟ್ಟುತ್ತಾನೆ. ಭರತೇಶ ಕೆಲಸದ ಪಾಳಿಯ ನೆಪದಲ್ಲಿ ನೇಮವನ್ನು ಸಡಿಲ ಮಾಡಿಕೊಂಡಿದ್ದ, ರೂಪಾ ಚಾತುರ್ಮಾಸಕ್ಕೆ ಮಾತ್ರ ಇಟ್ಟುಕೊಂಡಿದ್ದಳು. ಅದನ್ನು ಪೂರ್ತಿ ಹಿಡಿದುಕೊಂಡು ಕುಳಿತವಳು ಚಂದನಾ. ಶಾಲೆಗೆ ಡಬ್ಬಿ ಒಯ್ದು ಮೂರಕ್ಕೆಲ್ಲ ಉಂಡುಬಿಡುತ್ತಿದ್ದಳು. ಗೆಳತಿಯರು ಸಂಜೆ ಸೇರಿ ತಿನ್ನುವಾಗ ಇವಳು ಬಿಸಿನೀರು ಕುಡಿಯುತ್ತ ಕೂಡುತ್ತಿದ್ದಳಂತೆ. ಯಾರೂ ಹೇಳಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ.

ಮರುದಿನ ನಸುಕಿನಲ್ಲೇ ನನ್ನ ಕಾಲುಗಳು ನಿಲ್ಲದಾದವು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಅನ್ನುವುದು ಸುಳ್ಳಲ್ಲ. ಚಂದನಾಳನ್ನು ಎಬ್ಬಿಸಿ ಹೊಲದ ದಾರಿಗೆ ಕರೆದುಕೊಂಡು ಹೋದೆ. ನಪಾಸಾಗಲು ಓಡುವ ಅಗತ್ಯವಿಲ್ಲ, ನಿಜ. ಆದರೆ ಓಡದೆ ನನಗೆ ಕಲಿಸಲು ಬರುವುದಿಲ್ಲ. ಕೊರಳಲ್ಲಿ ಸದಾ ತೂಗುವ ಸೀಟಿಯನ್ನು ರಾಯಬಾಗದಲ್ಲಿ ಊದಿದ ಹಾಗೆಯೇ ಉಸಿರು ಕಟ್ಟಿ ಊದಿದೆ.

ಆಚೆ ಮನೆಯ ದೀಪ ಹತ್ತಿತು. ಪೈಜಾಮದ ಮೇಲೆ ಕೋಟು ಹಾಕಿಕೊಂಡ ಒಬ್ಬ ಮುದುಕ ಟಾರ್ಚು, ಔಷಧದ ಪೆಟ್ಟಿಗೆ, ನಾಯಿ ಮೂರನ್ನೂ ಹಿಡಿದುಕೊಂಡು ಓಡೋಡಿ ಬಂದ. ಅವನ ಹೆಸರು ಗುನ್ನಾರ್. ಸೀಟಿ ಅಂದರೆ ಆ ಊರಿನಲ್ಲಿ ಯಾರೋ ಅಪಾಯದಲ್ಲಿದ್ದಾರೆ ಎಂದರ್ಥವಂತೆ. ನಾನು ನಾಲಿಗೆ ಕಚ್ಚಿಕೊಂಡೆ. ಅವನು ಬೈಯಲಿಲ್ಲ. ಮನೆಗೆ ಹೋಗಿ ಬೆಳಕು ಬಿದ್ದರೆ ಹೊಳೆಯುವ ಒಂದು ಹಳದಿ ಜಾಕೀಟು ತಂದುಕೊಟ್ಟು, ಕತ್ತಲಲ್ಲಿ ತಿರುಗುವುದಾದರೆ ಇದನ್ನು ತೊಟ್ಟು ತಿರುಗು ಎಂದ. ರಸ್ತೆ ಕೆಲಸದವರ ಹಾಗೆ ಅದನ್ನು ಮೈಗೇರಿಸಿಕೊಂಡೆ. ಆಮೇಲೆ ತೆಗೆಯಲೇ ಇಲ್ಲ.

ನಾನು ಬಂದ ಕೆಲಸ ಏನೆಂದು ಚಂದನಾ ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. ಅವನು ಗಟ್ಟಿಯಾಗಿ ನಕ್ಕ. ಅವನನ್ನೂ ಹರೆಯದಲ್ಲಿ ಹೀಗೇ ಕರೆದಿದ್ದರಂತೆ. ವಿಮಾನ ಹಾರಿಸುವೆ ಎಂದು ಹೋದವನನ್ನು ಮಾತಾಡಿಸಿ, ಪ್ರಶ್ನೆ ಕೇಳಿ, ಕೊನೆಗೆ ಅಡುಗೆಮನೆಗೆ ಹಾಕಿದರು. ಆ ಸಿಟ್ಟು ಇವತ್ತಿಗೂ ಹೋಗಿಲ್ಲ ಎಂದು ಚಂದನಾಳ ಬಾಯಲ್ಲಿ ಹೇಳಿಸಿದ. ಹೇಳಿದವನು ಒಳಗೆ ಹೋಗಿ ಆಗಷ್ಟೇ ಬೇಯಿಸಿದ ಬ್ರೆಡ್ಡು ತಂದ. ಆ ಬೀದಿಗೆಲ್ಲ ಬ್ರೆಡ್ಡು ಬೇಯಿಸಿ ಹಂಚುವವನು ಅವನೇ ಎಂದು ಆಮೇಲೆ ತಿಳಿಯಿತು. ಅಂದರೆ ಅವನನ್ನು ಅಡುಗೆಮನೆಗೆ ಹಾಕಿದವರು ಸರಿಯಾಗಿಯೇ ಅಳೆದಿದ್ದರು. ಈ ಜನ ಒಳಗನ್ನು ನೋಡುವವರು, ಬಾಯಿಪಾಠಕ್ಕೆ ಬಗ್ಗುವವರಲ್ಲ ಎಂದು ಚಿಂತೆ ಹತ್ತಿತು.

ಅವತ್ತಿನಿಂದ ಊಟದ ಮೇಜಿನ ಮೇಲೆ ಕ್ಲಾಸು ನಡೆಸಿದೆ. ರಾಯಬಾಗದಲ್ಲಿ ಯಾವುದನ್ನು ಹೇಳಬೇಡಿ ಎಂದು ಬಡಿದುಕೊಳ್ಳುತ್ತೇನೋ ಅದನ್ನೆಲ್ಲ ಹೇಳಿಸಿದೆ.

"ಅಂಜಿಕಿ ಬಂದ್ರ ಏನ ಮಾಡ್ತಿ?"

"ಬಾಜೂದವರಿಗೆ ಅಂಜಿಕಿ ಬಂದೈತಿ ಅಂತ ಹೇಳ್ತೀನಿ."

"ಭಾಳ ಚಲೋ. ಸಾಹೇಬ್ರ ಹುಕುಂ ತಪ್ಪ ಅನಸಿದ್ರ?"

"ಯಾಕ ಅಂತ ಕೇಳ್ತೀನಿ."

"ಇದೊಂದ ಸಾಕ ನೋಡು, ನಮ್ಮಲ್ಲಿಯಾಗಿದ್ರ ಗೇಟಿನ ಹೊರಗ." ಕೊನೆಗೆ ನನ್ನ ಬತ್ತಳಿಕೆಯ ದೊಡ್ಡ ಬಾಣ ತೆಗೆದೆ. "ಹೊತ್ತ ಮುಳಗಿದ ಮ್ಯಾಲ ಊಟ ಮಾಡೂದಿಲ್ಲ ಅಂತ ಹೇಳು. ಯಾವ ದೇಶದ ಮಿಲಿಟ್ರಿನೂ ಅಂಥವರನ್ನ ಇಟಗೊಳ್ಳೂದಿಲ್ಲ. ಒಬ್ಬಾಕಿ ಸಂಬಂಧ ಯಾರ ಮೂರಕ್ಕ ಒಲಿ ಹಚ್ಚತಾರ?"

ರೂಪಾ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದವಳು ಮೊದಲ ಸಲ ನಕ್ಕಳು. "ಹೇ ಬರೋಬರ್ ಆಹೆ, ಅಕ್ಕಾ" ಎಂದಳು, ಇದು ಸರಿ ಅಂತ. ಅವಳಿಗೆ ಸಂತೋಷವಾದರೂ ಸಂಕಟವಾದರೂ ನಿಪ್ಪಾಣಿಯ ಮರಾಠಿ ಹೊರಬರುತ್ತದೆ.

ಚಂದನಾ ಮಾತ್ರ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ನೀನು ಹೋಗಬೇಕು ಅನ್ನುತ್ತೀಯೋ ಬೇಡ ಅನ್ನುತ್ತೀಯೋ ಎಂದು ನಾವು ಮೂವರಲ್ಲಿ ಒಬ್ಬರೂ ಅವಳನ್ನು ಕೇಳಲಿಲ್ಲ.

ಮಾಲ್ಮೋ

ಪರೀಕ್ಷೆಯ ದಿನ ನಾನೇ ಅವಳ ಜೊತೆ ಹೋದೆ. ರೂಪಾ ಬರುವ ಸ್ಥಿತಿಯಲ್ಲಿರಲಿಲ್ಲ, ಭರತೇಶನಿಗೆ ಪಾಳಿ. ಒಂದೇ ದಿನದ ಕೆಲಸ. ಕಣ್ಣು, ಕಿವಿ, ತೋಳಿನ ಬಲ, ಕಂಪ್ಯೂಟರಿನ ಮುಂದೆ ತರ್ಕದ ಲೆಕ್ಕ, ಆಮೇಲೆ ಮನಶ್ಶಾಸ್ತ್ರದವರ ಜೊತೆ ಮಾತುಕತೆ. ಸಂಜೆಯೇ ಹೇಳಿಬಿಡುತ್ತಾರೆ, ಬೇಕೋ ಬೇಡವೋ, ಬೇಕಾದರೆ ಎಲ್ಲಿಗೆ ಎಂದು.

ನಮ್ಮ ಕಡೆ ಭರ್ತಿ ಅಂದರೆ ಜಾತ್ರೆ. ಒಬ್ಬ ಹುಡುಗನ ಹಿಂದೆ ಟೆಂಪೋ ತುಂಬ ಜನ. ಮೈದಾನದ ಗೇಟಿನ ಹೊರಗೆ ಬುತ್ತಿ ಗಂಟು, ಚಾದರ, ಹರಕೆ ಹೊತ್ತ ತಾಯಂದಿರು, ಚಹಾದ ಗಾಡಿ, ಒಳಗಿನ ಸುದ್ದಿ ಮಾರುವ ಪುಢಾರಿಗಳು. ಇಲ್ಲಿ ಮಕ್ಕಳು ಒಬ್ಬೊಬ್ಬರೇ ಸಿಟಿ ಬಸ್ಸಿನಿಂದ ಇಳಿದು, ಕಿವಿಯಲ್ಲಿ ಹಾಡು ಕೇಳುತ್ತ, ಬಾಗಿಲು ತಳ್ಳಿ ಒಳಗೆ ಹೋಗುತ್ತಿದ್ದವು. ಮನೆಯವರು ಅಂತ ಬಂದವಳು ಇಡೀ ಕಟ್ಟಡಕ್ಕೆ ನಾನೊಬ್ಬಳೇ. ಬಾಗಿಲಲ್ಲಿದ್ದ ತರುಣ ನನ್ನನ್ನು ಒಳಗೆ ಬಿಡಲಿಲ್ಲ. ಆದರೆ ಕಾಫಿ ಎಲ್ಲಿ ಸಿಗುತ್ತದೆಂದು ಕಾಗದದ ಮೇಲೆ ದಾರಿ ಬರೆದುಕೊಟ್ಟ. ಚಂದನಾ ಹೋಗುವಾಗ ತಿರುಗಿ ನೋಡಿ ಕೈ ಎತ್ತಿದಳು.

ಕೂಡಲು ಆಗಲಿಲ್ಲ. ಹಳದಿ ಜಾಕೀಟಿನಲ್ಲಿ ಆ ಬೀದಿಯನ್ನು ಎಷ್ಟು ಸಲ ಅಳೆದೆನೋ. ಕಾಫಿ ಅಂಗಡಿಯ ಹೊರಗೆ, ಮೈ ಕೊರೆಯುವ ಚಳಿಯಲ್ಲಿ, ತಳ್ಳುಗಾಡಿಯಲ್ಲಿ ಒಂದು ಹಸುಗೂಸು ಒಂಟಿಯಾಗಿ ಮಲಗಿತ್ತು. ಯಾರೋ ಬಿಟ್ಟು ಹೋಗಿದ್ದಾರೆ ಎಂದು ಹೆದರಿ ಕಾವಲು ನಿಂತೆ. ತಾಯಿ ಗಾಜಿನ ಒಳಗಿನಿಂದಲೇ ನನ್ನನ್ನು ನೋಡುತ್ತಿದ್ದಳು. ಆಮೇಲೆ ಬಂದು, ಕೂಸು ಹೊರಗಿನ ಗಾಳಿಗೆ ಚೆನ್ನಾಗಿ ಮಲಗುತ್ತದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ನಮ್ಮಲ್ಲಿ ಕೂಸನ್ನು ಹೀಗೆ ಬಿಟ್ಟರೆ ಬೀದಿಯೆಲ್ಲ ಸೇರಿ ತಾಯಿಯನ್ನು ವಿಚಾರಿಸಿಕೊಳ್ಳುತ್ತಿತ್ತು ಎಂದು ಹೇಳಬೇಕೆನಿಸಿತು, ನುಂಗಿಕೊಂಡೆ.

ಇನ್ನೊಂದು ಸಲ ಒಬ್ಬ ಲಾರಿಯವನು ನನ್ನ ಜಾಕೀಟು ನೋಡಿ, ಗಾಡಿ ಎಲ್ಲಿ ನಿಲ್ಲಿಸಲಿ ಎಂದು ಸನ್ನೆಯಲ್ಲಿ ಕೇಳಿದ. ನನಗೆ ಹೇಗೆ ಗೊತ್ತಿರಬೇಕು? ಆದರೆ ಕೇಳಿದವರಿಗೆ ಇಲ್ಲ ಅನ್ನುವ ಅಭ್ಯಾಸ ನನಗಿಲ್ಲ. ತೆರೆದ ಗೇಟೊಂದು ಕಂಡಿತು. ಸೀಟಿ ತೆಗೆದು "ಬರ್ರಿ, ಬರ್ರಿ, ಹೋಲ್ಡಾನ್" ಎಂದು ರಾಯಬಾಗ ಬಸ್‌ಸ್ಟ್ಯಾಂಡಿನ ಕಂಡಕ್ಟರನ ಹಾಗೆ ರಿವರ್ಸ್ ಹಾಕಿಸಿಬಿಟ್ಟೆ. ಅದು ಯಾವುದೋ ದಂತವೈದ್ಯರ ಅಂಗಳವಾಗಿತ್ತು. ಅವರು ಹೊರಗೆ ಬಂದು ಲಾರಿಯವನ ಜೊತೆ ಎಷ್ಟು ಮೆತ್ತಗೆ ಜಗಳಾಡಿದರೆಂದರೆ, ನಾನು ಪಕ್ಕದ ಬೀದಿಗೆ ಜಾರಿಕೊಂಡದ್ದು ಇಬ್ಬರಿಗೂ ಕಾಣಲಿಲ್ಲ.

ಹೊತ್ತು ಹೋಗಲು ಇಷ್ಟು ಸಾಲಲಿಲ್ಲ. ಚೀಲದಲ್ಲಿ ರೂಪಾ ಕಟ್ಟಿಕೊಟ್ಟ ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಯ ಡಬ್ಬಿ ಇತ್ತು. ಮೂರರೊಳಗೆ ಚಂದನಾ ಬಂದರೆ ಬಿಸಿಲಿರುವಾಗಲೇ ಉಣ್ಣಬಹುದು. ಮೂರಾಯಿತು, ಬಾಗಿಲು ತೆರೆಯಲಿಲ್ಲ. ಎದುರಿನ ಕಟ್ಟಡದ ಗೋಡೆಯ ಮೇಲೆ ಬಿಸಿಲು ಕಿಟಕಿಯಿಂದ ಕಿಟಕಿಗೆ ಏರಿ ಹೋಗುವುದನ್ನು ನೋಡುತ್ತ ನಿಂತೆ. ಕೊನೆಯ ಅಂತಸ್ತನ್ನೂ ಬಿಟ್ಟಿತು. ಬೀದಿದೀಪಗಳು ಹತ್ತಿದವು. ಹುಡುಗಿ ಹಸಿದಿದ್ದಾಳೆ ಎಂಬ ಸಂಕಟ ಒಂದು ಕಡೆ. ಬೇಡವಾದವರನ್ನು ಇಷ್ಟು ಹೊತ್ತು ಇಟ್ಟುಕೊಳ್ಳುವುದಿಲ್ಲ ಎಂದು ಭರ್ತಿಯ ಒಳಹೊರಗು ಬಲ್ಲ ನನ್ನ ತಲೆ ಹೇಳುತ್ತಿದ್ದುದು ಇನ್ನೊಂದು ಕಡೆ.

ಬಾಗಿಲು ತೆರೆದಾಗ ಅವಳ ಮುಖ ನೋಡಿಯೇ ತಿಳಿಯಿತು.

"ತಗೊಂಡ್ರು, ಆತ್ಯಾ."

ಅಲ್ಲೇ ಇದ್ದ ಬೆಂಚಿನ ಮೇಲೆ ಕುಳಿತುಬಿಟ್ಟೆ. ಆ ದಿನ ನಾನು ಕುಳಿತದ್ದು ಆಗಲೇ. "ಹೇಳಿಕೊಟ್ಟದ್ದ ಹೇಳಲಿಲ್ಲೇನು?"

"ಎಲ್ಲಾ ಹೇಳಿದ್ನಿ. ಅಂಜಿಕಿ ಬಂದ್ರ ಬಾಜೂದವರಿಗೆ ಹೇಳ್ತೀನಿ ಅಂದ್ನಿ. ಹಂಗ ಹೇಳೂದ ಭಾಳ ಮಂದಿಗೆ ಆಗೂದಿಲ್ಲ, ಚಲೋ ಅಂದ್ರು. ಹುಕುಂ ತಪ್ಪ ಅನಸಿದ್ರ ಕೇಳ್ತೀನಿ ಅಂದ್ನಿ. ಕೇಳಬೇಕು ಅಂದ್ರು."

"ಮತ್ತ ಊಟದ್ದು?"

ಅವಳು ತನ್ನ ಆ ಒಂದು ಗಳಿಗೆ ಸುಮ್ಮನಿದ್ದಳು. "ಅದನ್ನ ಕೇಳಿ ಆ ಪ್ರಶ್ನಾ ಕೇಳೂ ಮ್ಯಾಡಮ್ ಪೆನ್ನ ಕೆಳಗ ಇಟ್ಟರು. ಎಷ್ಟ ವರ್ಷ ಆತು, ಯಾರ ಕಾಯತಾರ, ಶಾಲ್ಯಾಗ ಹೆಂಗ ಮಾಡ್ತಿ ಅಂತ ಕೇಳಿದ್ರು. ಯಾರೂ ಕಾಯೂದಿಲ್ಲ, ಚಳಿಗಾಲದಾಗ ಕಠಿಣ ಆಗತೈತಿ, ಆದ್ರೂ ಮಾಡ್ತೀನಿ ಅಂದ್ನಿ. ಗಾಯ ಆದವರನ್ನ ಎತ್ತಿ ತರೂ ಗಾಡಿ ಇರತೈತೆಲ್ಲ, ಅದರ ಮ್ಯಾಲ ಹಾಕ್ಯಾರ. ಯಾರೂ ನೋಡದಾಗನೂ ಕೆಲಸಾ ಮಾಡೂವಂಥವರು ಅಲ್ಲಿ ಬೇಕಂತ."

ನಾನು ನಪಾಸು ಮಾಡಿಸಲೆಂದು ಬಿಟ್ಟ ಬಾಣವೇ ಅವಳನ್ನು ಪಾಸು ಮಾಡಿಸಿತ್ತು. ನೇಮವೆಂದರೆ ಅಡ್ಡಿ ಎಂದು ನಾನು ತಿಳಿದಿದ್ದೆ. ಅದನ್ನು ಅವರು ಗಟ್ಟಿತನ ಎಂದು ಓದಿದ್ದರು.

"ಬಂದೂಕ?" ಎಂದೆ.

"ಅದೂ ಕಲಸ್ತಾರ. ಎಲ್ಲಾರಿಗೂ ಕಲಸ್ತಾರ."

"ಸುಳ್ಳ ಹೇಳಬೇಕಾಗಿತ್ತಲ್ಲ ಹುಡಿಗಿ. ನಿದ್ದಿ ಬರೂದಿಲ್ಲ, ತಲಿ ತಿರಗತೈತಿ, ಏನಾರ. ಅಜ್ಜಿಗೆ ಏನ ಹೇಳೂದ ನಾ? ಅಹಿಂಸಾ ಬಿಟ್ಟ ಬಂದ್ಳು ಅಂತನ?"

ಚಂದನಾ ಕೈಗವಸು ತೆಗೆದಳು. ಅಜ್ಜಿ ಅವಳಿಗೆ ನಮ್ಮ ಐದು ವ್ರತಗಳನ್ನು ಕಲಿಸಿದ್ದು ಫೋನಿನ ಪರದೆಯ ಮೇಲೆ ಬೆರಳು ಎಣಿಸಿ. ಹೆಬ್ಬೆರಳು ಅಹಿಂಸೆ, ಪಕ್ಕದ್ದು ಸತ್ಯ, ಹೀಗೆ. ಅವಳು ಎರಡನೆಯ ಬೆರಳನ್ನು ಹಿಡಿದು ತೋರಿಸಿದಳು.

"ನೀವ ಎಲ್ಲಾರೂ ಮೊದಲನೇದ ಹಿಡಕೊಂಡ ಕುಂತ್ರಿ. ಇದೂ ಐತೆಲ್ಲ ಆತ್ಯಾ. ಹೋಗಬೇಕಂತ ನನಗ ಆಸೆ ಇರಲಿಲ್ಲ. ಸುಳ್ಳ ಹೇಳಿ ತಪ್ಪಿಸಿಕೊಳ್ಳೂವಷ್ಟ ಅಂಜಿಕಿನೂ ಇರಲಿಲ್ಲ. ನಾ ಬಿಟ್ರ ನನ್ನ ಬದಲಿ ಇನ್ನೊಬ್ಬಾಕಿನ್ನ ಕರೀತಾರ."

ಹೆಮ್ಮೆಯಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಅದರ ಬೆನ್ನಿಗೇ ಭಯವೂ ಆಯಿತು. ಡಬ್ಬಿ ತೆಗೆದು ಮುಂದೆ ಹಿಡಿದೆ. ಅವಳು ಆಕಾಶ ನೋಡಿ ಬೇಡವೆಂದು ತಲೆಯಲ್ಲಾಡಿಸಿದಳು. ಬಸ್ಸಿನಲ್ಲಿ ಆ ಡಬ್ಬಿ ನನ್ನ ತೊಡೆಯ ಮೇಲೆ ಹಾಗೇ ಭಾರವಾಗಿ ಕುಳಿತಿತ್ತು.

ಮನೆ ಮುಟ್ಟಿದಾಗ ರೂಪಾ ಬಾಗಿಲಲ್ಲೇ ಇದ್ದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಒಳಗೆ ಹೋಗಿ ನೀರು ಕಾಯಿಸಿ ಲೋಟ ತಂದು ಮಗಳ ಮುಂದೆ ಇಟ್ಟಳು. ಲೋಟ ಮೇಜಿಗೆ ತಾಗಿ ನೀರು ಚೆಲ್ಲಿತು.

"ನಿಮ್ಮನ್ನ ಕರಸಿದ್ದ ಯಾತಕ್ಕರಿ ಅಕ್ಕಾ?" ಎಂದಳು. ಅವಳು ನನ್ನ ಕಡೆ ನೋಡಲಿಲ್ಲ. ಹೊರಡುವ ದಿನ ಮಾತ್ರ ನನ್ನ ಕೋಟಿನ ಜೇಬಿಗೆ ದಾರಿಗೆಂದು ಒಣದ್ರಾಕ್ಷಿ ತುಂಬಿ, ಆ ಹಳದಿ ಜಾಕೀಟನ್ನು ಮಡಿಸಿ ಕೊಟ್ಟಳು.

ಉಗಾರ

ಅವ್ವನಿಗೆ ನಾನೇ ಹೇಳಿದೆ. ಬಿಡಿಸಿಕೊಂಡು ಬರಲಿಲ್ಲ ಎಂದು ಮಾತ್ರ ಹೇಳಿ ಸುಮ್ಮನಾಗಬಹುದಿತ್ತು, ಆದರೆ ಎರಡನೆಯ ಬೆರಳಿನ ಮಾತನ್ನೂ ಹೇಳಿದೆ. ಅವಳು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಅವತ್ತಿನಿಂದ ಬಸದಿಗೆ ಹೋದಾಗ ಸ್ವಲ್ಪ ಹೆಚ್ಚು ಹೊತ್ತು ಕೂಡುತ್ತಾಳೆ ಎಂದು ಅತ್ತಿಗೆ ಹೇಳಿದಳು.

ಕ್ಲಾಸಿನಲ್ಲಿ ನನ್ನ ತೊಂದರೆ ಬೇರೆಯೇ. "ಕತ್ತಲಿಗೆ ಅಂಜತೀರೇನು?" ಎಂದರೆ ಈಗಲೂ "ಇಲ್ರಿ ಮ್ಯಾಡಮ್" ಎಂದೇ ಗುಡುಗುತ್ತಾರೆ. ನಾನೇ ಹೇಳಿಕೊಟ್ಟದ್ದು. ಆ ಬಾಯಿಪಾಠ ಬಿಡಿಸಿದರೆ ಇಲ್ಲಿಯ ಪರೀಕ್ಷೆಯಲ್ಲಿ ಅವರ ಗತಿ ಏನಾದೀತೋ ಎಂಬ ಹೆದರಿಕೆ, ಬಿಡಿಸದಿದ್ದರೆ ರಾತ್ರಿ ನನಗೆ ನಿದ್ದೆಯಿಲ್ಲ. ಸದ್ಯಕ್ಕೆ ಓಟ ಮುಗಿದ ಮೇಲೆ ಒಬ್ಬೊಬ್ಬರನ್ನೇ ಬದುವಿನ ಮೇಲೆ ಕೂಡಿಸಿಕೊಂಡು, ನಿನಗೆ ನಿಜವಾಗಿ ಏನು ಅನ್ನಿಸುತ್ತದೆ ಎಂದು ಕೇಳುತ್ತೇನೆ. ಹುಡುಗರು ನನಗೆ ಏನೋ ಆಗಿದೆ ಎಂದು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ.

ಮುಂದಿನ ಚಳಿಗಾಲಕ್ಕೆ ಚಂದನಾ ಸ್ವೀಡನ್ನಿನ ಉತ್ತರದ ಒಂದು ಶಿಬಿರದಲ್ಲಿದ್ದಳು. ಅಲ್ಲಿ ಹೊತ್ತು ಇನ್ನೂ ಬೇಗ ಮುಳುಗುತ್ತದೆ. ಅವಳಿಗೆ ಮಧ್ಯಾಹ್ನವೇ ರಾತ್ರಿಯ ಊಟವನ್ನೂ ಕೊಡುತ್ತಾರೆ ಎಂದು ಭರತೇಶ ಹೇಳಿದಾಗ ಅವ್ವ ಕಾರ್ಖಾನೆಯ ಸೈರನ್ನಿಗಿಂತ ಜೋರಾಗಿ ಊರಿಗೆಲ್ಲ ಸುದ್ದಿ ಹಬ್ಬಿಸಿದ್ದಳು. ಒಂದು ದಿನ ನನ್ನ ಫೋನಿಗೆ ಚಂದನಾಳೇ ಕರೆ ಮಾಡಿದಳು.

"ಆತ್ಯಾ, ನಿನ್ನೆ ಹಿಮದಾಗ ಅಭ್ಯಾಸ ಇತ್ತು. ಮುಂಜಾನಿಂದ ಸ್ಟ್ರೆಚರ್ ಹೊತ್ತಗೊಂಡ ನಡದ್ವಿ. ನಡಕ ಊಟದ ಗಾಡಿ ಸಿಕ್ಕೊಂಬಿಟ್ಟತು. ಅದು ಬರೂದ್ರಾಗ ಪೂರಾ ಕತ್ತಲಾಗಿತ್ತು." ಆ ಒಂದು ಗಳಿಗೆ. "ನಾ ಉಂಡ್ನಿ."

"ಯಾರಾರ ಜುಲುಮಿ ಮಾಡಿದ್ರೇನು?"

"ಇಲ್ಲ. ಹಸಿವಿ ಆಗಿತ್ತು. ಉಣ್ಣಲಿಲ್ಲಂದ್ರ ಇನ್ನೊಂದ ತುದಿ ಹಿಡದಾಕಿ ಮ್ಯಾಲ ಭಾರ ಬೀಳತಿತ್ತು. ಉಂಡ್ನಿ. ಅಜ್ಜಿಗೆ ನಾ ಹೇಳಲೋ, ನೀ ಹೇಳತಿಯೋ?"

ನಾನು ಹೇಳುತ್ತೇನೆ ಎಂದೆ. ಯಾಕೆ ಹಾಗೆ ಅಂದೆನೋ. ಸಿಕ್ಕ ಬಸ್ಸು ಹತ್ತಿ ಉಗಾರಕ್ಕೆ ಹೋಗುವ ದಾರಿಯುದ್ದಕ್ಕೂ, ಇದನ್ನು ಹೇಳದೆ ಇದ್ದರೇನು ಎಂದು ಹತ್ತು ಸಲ ಅನ್ನಿಸಿತು. ಕೃಷ್ಣೆ ಬಂದಾಗ ಕೈ ಮುಗಿಯುವುದೂ ಮರೆತುಹೋಯಿತು.

ಅವ್ವ ಅಂಗಳದ ಬಿಸಿಲಿನಲ್ಲಿ ಮೆಂತ್ಯೆಸೊಪ್ಪು ಸೋಸುತ್ತ ಕುಳಿತಿದ್ದಳು. ಒಂದೊಂದು ಎಲೆಯನ್ನೂ ಹುಳ ಇದೆಯೇನೋ ಎಂದು ತಿರುಗಿಸಿ ನೋಡುವುದು ಅವಳ ರೂಢಿ. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಸ್ಟ್ರೆಚರು, ಹಿಮ, ಸಿಕ್ಕಿಕೊಂಡ ಗಾಡಿ, ಕತ್ತಲು. ಅವಳ ಕೈ ನಿಂತಿತು.

"ತಾನ ಹೇಳಿದ್ಳೇನು?"

"ತಾನ ಫೋನ್ ಮಾಡಿ ಹೇಳಿದ್ಳು. ನಿನಗ ಹೇಳು ಅಂದ್ಳು."

ಅವ್ವ ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದಳು.

"ಉಂಡದ್ದಾದ್ರೂ ಬಿಸೀದ ಇತ್ತಂತೇನು?"

"ಕೇಳಲಿಲ್ಲಬೇ."

"ಅದನ್ನ ಮೊದಲ ಕೇಳಬೇಕಲ್ಲ" ಎಂದು ಅವ್ವ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ಚಾಚಿದಳು. "ಫೋನ್ ಹಚ್ಚಿ ಕೊಡ ಇಲ್ಲಿ."